ಸರ್ಕಾರದ ಖೋತಾ, ನಮ್ಮವರ ಖಾತೆ

ಕೇಂದ್ರ ಸರ್ಕಾರದ ಬಜೆಟ್ ಬಂದ ಮರುದಿನ ಡೊಂಬಿವಲಿಯಿಂದ ಹೊರಡುವ ಲೋಕಲ್‌ನಲ್ಲಿ ಎಲ್ಲರೂ ಅರ್ಥಶಾಸ್ತ್ರಜ್ಞರೇ. ಸ್ಲ್ಯಾಬ್ ಎಷ್ಟಾಯ್ತು, ಚಿನ್ನ ಇಳಿಯುತ್ತಾ, ಹೋಮ್ ಲೋನ್ ಬಡ್ಡಿಗೆ ವಿನಾಯಿತಿ ಇದೆಯೋ ಹೋಯ್ತೋ... ಠಾಣೆ ಬರುವವರೆಗೂ ಅದೇ ಮಾತು. ಆದ್ರೆ ಮಾರ್ಚ್‌ನಲ್ಲಿ ರಾಜ್ಯದ ಬಜೆಟ್ ಬಂದಾಗ ನೋಡಿ, ಯಾರೂ ಬಾಯಿ ಬಿಡೋದಿಲ್ಲ. ಪೇಪರ್ ಮಡಚಿ ಕ್ರಿಕೆಟ್ ಪುಟಕ್ಕೆ ಹೋಗಿರ್ತಾರೆ. ನನಗೆ ಇದು ಯಾವಾಗಲೂ ವಿಚಿತ್ರ ಅನ್ನಿಸುತ್ತೆ. ನಮ್ಮ ರಸ್ತೆ, ಸರ್ಕಾರಿ ಆಸ್ಪತ್ರೆ, ಪೊಲೀಸ್, ಶಾಲೆ, ಎಸ್‌ಟಿ ಬಸ್ಸು ಇವೆಲ್ಲ ನಡೆಯೋದು ರಾಜ್ಯದ ದುಡ್ಡಿನಲ್ಲಿ ತಾನೆ?

ನಾನು ಕುಂದಾಪುರದ ಕಡೆಯವನು. ಬಿಕಾಂ ಮುಗಿಸಿ, ಬ್ಯಾಂಕ್ ಪರೀಕ್ಷೆ ಬರೆದು, 1993ರಲ್ಲಿ ಈ ಊರಿಗೆ ಬಂದೆ. ವಾಶಿ, ಕಲ್ಯಾಣ, ಠಾಣೆ ಅಂತ ಶಾಖೆ ಶಾಖೆ ಸುತ್ತಿ ಮೂವತ್ತು ವರ್ಷದ ಮೇಲಾಯ್ತು. ಅರ್ಥಶಾಸ್ತ್ರದ ಪಂಡಿತನಂತೂ ಅಲ್ಲ. ಆದ್ರೆ ಬಿಕಾಂನಲ್ಲಿ ಮೊದಲ ವರ್ಷವೇ ಕಲಿಸಿದ ಒಂದು ವಿಷಯ ಮರೆತಿಲ್ಲ: ಒಂದು ಕಡೆ ಡೆಬಿಟ್ ಬಿದ್ದರೆ ಇನ್ನೊಂದು ಕಡೆ ಕ್ರೆಡಿಟ್ ಬೀಳಲೇಬೇಕು. ಸರ್ಕಾರಕ್ಕೆ ಕೊರತೆ ಇದೆ ಅಂದ್ರೆ ಅದನ್ನು ಯಾರೋ ಎಲ್ಲೋ ತುಂಬಿಸ್ತಾ ಇದ್ದಾರೆ ಅಂತಲೇ ಅರ್ಥ. ಅದು ಯಾರು ಅನ್ನೋದು ಬಜೆಟ್ ಪುಸ್ತಕದಲ್ಲಿ ಪೂರ್ತಿ ಸಿಗೋದಿಲ್ಲ. ಅರ್ಧ ಲೆಕ್ಕ ನಮ್ಮಂಥವರ ಬ್ಯಾಂಕಿನ ಕೌಂಟರ್‌ಗೆ ಬರುತ್ತೆ.

ಮೊದಲು ಪುಸ್ತಕದಲ್ಲಿ ಇರೋದನ್ನು ನೋಡೋಣ. ಸ್ವಲ್ಪ ಅಂಕಿಗಳಿವೆ, ಬೇಸರ ಮಾಡ್ಕೋಬೇಡಿ. 2025ರ ಮಾರ್ಚ್ 10ರಂದು ಆಗಿನ ಹಣಕಾಸು ಸಚಿವ ಅಜಿತ್ ಪವಾರ್ ಮಹಾರಾಷ್ಟ್ರದ 2025-26ರ ಬಜೆಟ್ ಮಂಡಿಸಿದರು. ರಾಜಸ್ವ ಆದಾಯ 5,60,964 ಕೋಟಿ ರೂಪಾಯಿ, ರಾಜಸ್ವ ಖರ್ಚು 6,06,855 ಕೋಟಿ. ಕಳೆದರೆ 45,891 ಕೋಟಿ ಕೊರತೆ. ಅಂದ್ರೆ ದಿನವೊಂದಕ್ಕೆ 125 ಕೋಟಿಗೂ ಹೆಚ್ಚು. ಒಟ್ಟು ವಿತ್ತೀಯ ಕೊರತೆ, ಅಂದ್ರೆ ಆ ವರ್ಷ ಸಾಲ ಮಾಡಿ ತುಂಬಿಸಬೇಕಾದದ್ದು, 1,36,235 ಕೋಟಿ.

ಈ ಎರಡು ಕೊರತೆಗಳ ವ್ಯತ್ಯಾಸ ಮುಖ್ಯ. ನೀವು ಡೊಂಬಿವಲಿಯಲ್ಲಿ ಒಂದು ಒನ್ ಬಿಎಚ್‌ಕೆ ಕೊಳ್ಳಲು ಸಾಲ ಮಾಡಿದರೆ ನಾನು ಖುಷಿಯಿಂದ ಸ್ಯಾಂಕ್ಷನ್ ಮಾಡ್ತೇನೆ, ಮನೆಯಾದರೂ ಉಳಿಯುತ್ತಲ್ಲ. ತಿಂಗಳ ಕಿರಾಣಿ ಸಾಮಾನಿಗೆ ಸಾಲ ಕೇಳಿದರೆ ಮುಖ ನೋಡ್ತೇನೆ. ರಾಜಸ್ವ ಕೊರತೆ ಅಂದ್ರೆ ಈ ಕಿರಾಣಿ ಸಾಲ. ಮೇಲಿನ ಅಂಕಿಗಳನ್ನು ಭಾಗಿಸಿ ನೋಡಿ, ಮಾಡುವ ಸಾಲದಲ್ಲಿ ಮೂರನೇ ಒಂದು ಭಾಗ ಕಿರಾಣಿಗೇ ಹೋಗ್ತಾ ಇದೆ.

ಹಾಗಂತ ಮಹಾರಾಷ್ಟ್ರ ದಿವಾಳಿ ಅಂತ ವಾಟ್ಸಾಪ್‌ನಲ್ಲಿ ಬರೋದೆಲ್ಲ ಸುಳ್ಳು. ರಾಜ್ಯದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ವಿತ್ತೀಯ ಕೊರತೆ ಶೇ. 3ರ ಮಿತಿಯ ಒಳಗೇ ಇದೆ. ಪಂಜಾಬಿನ ಸಾಲದ ಹೊರೆಗೆ ಹೋಲಿಸಿದರೆ ನಮ್ಮದು ಎಷ್ಟೋ ವಾಸಿ. ಇದು ದೊಡ್ಡ ಮನೆ, ಸಂಬಳ ಚೆನ್ನಾಗಿದೆ, ಆದ್ರೂ ತಿಂಗಳ ಕೊನೆಗೆ ಕೈ ಕಚ್ಚುತ್ತೆ. ಅಂಥ ಮನೆಗಳು ನಮ್ಮ ಸೊಸೈಟಿಯಲ್ಲೂ ಇವೆ ಬಿಡಿ!

ಕೈ ಕಚ್ಚಲು ಒಂದು ದೊಡ್ಡ ಕಾರಣ ಎಲ್ಲರಿಗೂ ಗೊತ್ತಿರೋದೇ, ಲಾಡ್ಕಿ ಬಹೀಣ್. 2024ರ ಜೂನ್ ಕೊನೆಯಲ್ಲಿ ಘೋಷಣೆ, ಆಗಸ್ಟ್‌ನಲ್ಲಿ ರಕ್ಷಾಬಂಧನದ ಮುಂಚೆ ಎರಡು ತಿಂಗಳದ್ದು ಸೇರಿಸಿ 3,000 ರೂಪಾಯಿ ಜಮಾ, ನವೆಂಬರ್‌ನಲ್ಲಿ ಚುನಾವಣೆ. ಆ ಜುಲೈ-ಆಗಸ್ಟ್ ನಾನು ಜನ್ಮದಲ್ಲಿ ಮರೆಯೋದಿಲ್ಲ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಇನ್ನೂರು ಹೆಂಗಸರ ಸಾಲು. ಹೊಸ ಖಾತೆ, ಆಧಾರ್ ಲಿಂಕ್, ಕೆವೈಸಿ, ಹತ್ತು ವರ್ಷದಿಂದ ಮಲಗಿದ್ದ ಖಾತೆ ಎಬ್ಬಿಸೋದು... ಮಧ್ಯಾಹ್ನ ಡಬ್ಬಿ ತೆರೆಯಲೂ ಬಿಡುವಿಲ್ಲ. ಮೊದಲ ಕಂತು ಬಂದಾಗ ಇನ್ನೊಂದು ಗಲಾಟೆ. ಕೆಲವು ಬ್ಯಾಂಕುಗಳಲ್ಲಿ ಮಿನಿಮಮ್ ಬ್ಯಾಲೆನ್ಸ್ ದಂಡ, ಹಳೇ ಸಾಲದ ಕಂತು ಅಂತ ಕಂಪ್ಯೂಟರ್ ತಾನಾಗೇ ಆ ದುಡ್ಡನ್ನು ನುಂಗಿಬಿಡ್ತು. ಹಾಗೆ ಕತ್ತರಿಸಬೇಡಿ ಅಂತ ಸರ್ಕಾರ ಬ್ಯಾಂಕುಗಳಿಗೆ ಹೇಳಬೇಕಾಯ್ತು.

ನಮ್ಮ ಮನೆಗೆ ಪಾತ್ರೆ-ಬಟ್ಟೆಗೆ ಬರುವ ಮಾವ್ಶಿಗೂ ತಿಂಗಳಿಗೆ 1,500 ಬರುತ್ತೆ. ಏನು ಮಾಡ್ತೀರಿ ಅಂತ ನನ್ನ ಹೆಂಡತಿ ಕೇಳಿದ್ದಳು. ಸಾವಿರ ಭಿಶಿಗೆ, ಐನೂರು ಮಗಳ ಕ್ಲಾಸಿಗೆ. ಗಂಡನಿಗೆ ಆ ಖಾತೆಯ ಎಟಿಎಂ ಪಿನ್ ಕೊಟ್ಟಿಲ್ಲ ಅಂತ ನಗ್ತಾ ಹೇಳಿದರಂತೆ. ಆದ್ದರಿಂದ ಇದನ್ನು ಬಿಟ್ಟಿ, ದಂಡ ಅಂತ ಬೈಯುವವರ ಜೊತೆ ನಾನು ಸೇರೋದಿಲ್ಲ. ನನ್ನ ತಕರಾರು ಬೇರೆ, ಲೆಕ್ಕದ್ದು.

ಲೆಕ್ಕ ಹೀಗಿದೆ. ಒಬ್ಬಳಿಗೆ ವರ್ಷಕ್ಕೆ 18,000. 2025-26ಕ್ಕೆ ಇಟ್ಟದ್ದು 36,000 ಕೋಟಿ, ಅಂದ್ರೆ ಎರಡು ಕೋಟಿ ಹೆಂಗಸರಿಗೆ ಸಾಕು. ಚುನಾವಣೆಯಲ್ಲಿ ಹೇಳಿದ್ದು 2,100 ಮಾಡ್ತೇವೆ ಅಂತ. ಹಾಗೆ ಮಾಡಿದ್ದರೆ ಅದೇ ಎರಡು ಕೋಟಿ ಜನಕ್ಕೆ 50,400 ಕೋಟಿ ಬೇಕು. ಬಜೆಟ್‌ನಲ್ಲಿ ಆ 2,100ರ ಸುದ್ದಿಯೇ ಬರಲಿಲ್ಲ, ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಜರಡಿ ಹಿಡಿಯೋದು ಶುರುವಾಯ್ತು. 2025ರ ಜುಲೈನಲ್ಲಿ ಸಚಿವೆ ಅದಿತಿ ತಟ್ಕರೆ 26.34 ಲಕ್ಷ ಜನರ ಹಣ ತಡೆಹಿಡಿದಿದ್ದೇವೆ ಅಂದರು. ಅನರ್ಹರ ಪಟ್ಟಿಯಲ್ಲಿ ಗಂಡಸರೂ ಸಿಕ್ಕರು! ಚುನಾವಣೆಗೆ ಮುಂಚೆ ಈ ಜರಡಿ ಎಲ್ಲಿತ್ತೋ.

ಊರಿನ ಕತೆಯೂ ಬೇರೆಯೇನಲ್ಲ. ಕರ್ನಾಟಕದಲ್ಲಿ ಗೃಹಲಕ್ಷ್ಮಿಗೆ 2,000, ಹೆಂಗಸರಿಗೆ ಬಸ್ ಫ್ರೀ. 2025-26ರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ ಇಟ್ಟ ಸಿದ್ದರಾಮಯ್ಯನವರ ಬಜೆಟ್‌ನಲ್ಲಿ ರಾಜಸ್ವ ಕೊರತೆ 19,262 ಕೋಟಿ. ಅಲ್ಲಿ 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಏರಿತು, ಆಗಸ್ಟ್ ಕೊನೆಗೆ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ 2 ಆಯ್ತು. ನಮ್ಮತ್ತೆ ಫ್ರೀ ಬಸ್ಸಲ್ಲಿ ಕೊಲ್ಲೂರಿಗೆ ಹೋಗಿ ಬಂದು ಫೋನ್ ಮಾಡ್ತಾರೆ. ಮಾವ ಅದೇ ಫೋನ್ ಕಿತ್ಕೊಂಡು ಎಲ್ಲದರ ರೇಟು ಹೆಚ್ಚಾಯ್ತು ಅಂತ ಗೊಣಗ್ತಾರೆ.

ಈಗ ಆದಾಯದ ಕಡೆ ಬನ್ನಿ. ಹಳೇ ಮುಂಬೈಕರರಿಗೆ ಮುಲುಂಡ್ ಚೆಕ್ ನಾಕಾ ನೆನಪಿರಬೇಕು. ಠಾಣೆಯಿಂದ ಮುಂಬೈಗೆ ಹೋಗುವ ಲಾರಿಗಳು ಆಕ್ಟ್ರಾಯ್ ಕಟ್ಟಲು ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಜಕಾತ್ ಅಂತ ಕರೀತಿದ್ದರು. ನವಿ ಮುಂಬೈಯವರು ಮಾತ್ರ ಜಾಣರು, ನಾಕಾ ಬೇಡ ಅಂತ ಸೆಸ್ ಇಟ್ಟುಕೊಂಡಿದ್ದರು. ನಾನು ವಾಶಿಯಲ್ಲಿದ್ದಾಗ ಎಪಿಎಂಸಿಯ ವ್ಯಾಪಾರಿಗಳು ಆ ಸೆಸ್ಸನ್ನು ಬೈಯದ ದಿನವಿರಲಿಲ್ಲ. 2013ರಲ್ಲಿ ಠಾಣೆಗೆ ಎಲ್‌ಬಿಟಿ ಬಂತು, ವ್ಯಾಪಾರಿಗಳು ಅಂಗಡಿ ಮುಚ್ಚಿ ಕೂತರು. 2015ರ ಆಗಸ್ಟ್‌ನಲ್ಲಿ 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಅದನ್ನು ತೆಗೆದರು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಎಲ್ಲವನ್ನೂ ಗುಡಿಸಿ ಹಾಕಿತು.

ಲಾರಿಯವನಿಗೆ ಒಳ್ಳೆಯದಾಯ್ತು, ಒಪ್ಪುತ್ತೇನೆ. ಆದ್ರೆ ಪಾಲಿಕೆಗೆ ಮೊದಲು ದಿನಾ ನಾಕಾದಿಂದ ಬರುತ್ತಿದ್ದ ನಗದು ಹೋಗಿ, ತಿಂಗಳಿಗೊಮ್ಮೆ ಮಂತ್ರಾಲಯದಿಂದ ಬರುವ ಪರಿಹಾರಕ್ಕೆ ಕಾಯುವ ಹಾಗಾಯ್ತು. ರಾಜ್ಯಕ್ಕೂ ಅದೇ ಗತಿ. ಸೇಲ್ಸ್ ಟ್ಯಾಕ್ಸ್ ದರ ಏರಿಸೋದು ಇಳಿಸೋದು ಮುಂಚೆ ಅದರ ಕೈಯಲ್ಲಿತ್ತು, ಈಗ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಎಲ್ಲರ ಜೊತೆ ಕೂತು ತೀರ್ಮಾನ. ಕೇಂದ್ರ ಕೊಡ್ತಿದ್ದ ಐದು ವರ್ಷದ ನಷ್ಟ ಪರಿಹಾರವೂ 2022ರ ಜೂನ್‌ಗೆ ಮುಗಿಯಿತು. ಹಾಗಾದರೆ ರಾಜ್ಯ ತಾನೇ ತಿರುಗಿಸಬಹುದಾದ ನಲ್ಲಿ ಎಷ್ಟು ಉಳೀತು? ಮದ್ಯ, ಪೆಟ್ರೋಲ್-ಡೀಸೆಲ್, ಆಸ್ತಿ ನೋಂದಣಿ, ವಾಹನ ತೆರಿಗೆ, ಕರೆಂಟಿನ ಮೇಲಿನ ಸುಂಕ. ಬೆರಳೆಣಿಕೆ. ದುಡ್ಡು ಬೇಕಾದಾಗಲೆಲ್ಲ ಅವನ್ನೇ ತಿರುಗಿಸಬೇಕು.

ಕೊರೊನಾ ಕಾಲದಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. 2020ರ ಮಾರ್ಚ್ ಸಂಬಳವನ್ನು ಸರ್ಕಾರಿ ನೌಕರರಿಗೆ ಎರಡು ಕಂತಿನಲ್ಲಿ ಕೊಟ್ಟರು. ಮೇ ತಿಂಗಳಲ್ಲಿ ಅಭಿವೃದ್ಧಿ ಖರ್ಚಿಗೆ ಶೇ. 67 ಕತ್ತರಿ ಹಾಕಿದರು. ಆದ್ರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಂದು ಒಳ್ಳೆ ಕೆಲಸವನ್ನೂ ಮಾಡಿದರು. ಸ್ಟ್ಯಾಂಪ್ ಡ್ಯೂಟಿಯನ್ನು ಶೇ. 5ರಿಂದ 2ಕ್ಕೆ ಇಳಿಸಿದರು. ಡಿಸೆಂಬರ್ ಕೊನೆಯ ವಾರ ಮಾಸ್ಕ್ ಹಾಕ್ಕೊಂಡೇ ಹೋಮ್ ಲೋನ್ ಫೈಲು ಮುಗಿಸಿದ್ದು ನೆನಪಿದೆ. ವರ್ಷಗಳಿಂದ ನೋಡೋಣ ನೋಡೋಣ ಅಂತಿದ್ದ ಜನ ಒಮ್ಮೆಲೇ ಡೊಂಬಿವಲಿ-ಕಲ್ಯಾಣದಲ್ಲಿ ಫ್ಲಾಟ್ ಬರೆಸಿಕೊಂಡರು. ದರ ಇಳಿಸಿದರೆ ಗಿರಾಕಿ ಬರ್ತಾನೆ ಅನ್ನೋದು ನಮ್ಮ ಹೊಟೇಲಿನವರಿಗೆ ಯಾವಾಗಲೋ ಗೊತ್ತು, ಸರ್ಕಾರಕ್ಕೆ ಕಷ್ಟ ಬಂದಾಗ ಮಾತ್ರ ನೆನಪಾಗುತ್ತೆ.

ಹೊಟೇಲಿನವರು ಅಂದ ಕೂಡಲೇ ನಮ್ಮವರ ವಿಷಯಕ್ಕೆ ಬಂದೆ. ಠಾಣೆ, ಡೊಂಬಿವಲಿ, ನವಿ ಮುಂಬೈಯಲ್ಲಿ ನಮ್ಮ ಉಡುಪಿ, ಕುಂದಾಪುರ, ಮಂಗಳೂರು ಕಡೆಯವರ ಬಾರ್ ಮತ್ತು ಪರ್ಮಿಟ್ ರೂಮ್‌ಗಳು ಎಷ್ಟಿವೆ ಅಂತ ನಿಮಗೆ ಹೇಳಬೇಕಾಗಿಲ್ಲ. 2023ರ ನವೆಂಬರ್‌ನಲ್ಲಿ ಪರ್ಮಿಟ್ ರೂಮ್‌ನ ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ 10 ಆಯ್ತು. ಆಮೇಲೆ ಲೈಸೆನ್ಸ್ ಫೀ ಶೇ. 15 ಏರಿತು. 2025ರ ಜೂನ್ 10ರಂದು ಕ್ಯಾಬಿನೆಟ್ ಮೂರನೇ ಪೆಟ್ಟು ಕೊಟ್ಟಿತು. ದೇಶದಲ್ಲೇ ತಯಾರಾಗುವ ವಿಸ್ಕಿ-ರಮ್‌ನ ಅಬಕಾರಿ ಸುಂಕ ಅಲ್ಲಿವರೆಗೆ ತಯಾರಿಕೆ ಬೆಲೆಯ ಮೂರು ಪಟ್ಟು ಇದ್ದದ್ದು ನಾಲ್ಕೂವರೆ ಪಟ್ಟಾಯ್ತು. ನೂರು ರೂಪಾಯಿಯ ಮಾಲಿಗೆ ಮುನ್ನೂರು ಇದ್ದ ಸುಂಕ ನಾನೂರ ಐವತ್ತು ಅಂತ ತಿಳ್ಕೊಳ್ಳಿ. ಕ್ವಾರ್ಟರ್ ಬಾಟಲಿಯ ಕನಿಷ್ಠ ಬೆಲೆ 205. ಬಿಯರ್, ವೈನ್ ಮುಟ್ಟಲಿಲ್ಲ. ಇದರಿಂದ ಬರುವ ಹೆಚ್ಚುವರಿ ಆದಾಯದ ಅಂದಾಜು 14,000 ಕೋಟಿ. ಇದನ್ನು ಮೇಲಿನ 36,000 ಕೋಟಿಯ ಪಕ್ಕ ಬರೆದು ನೋಡಿ. ಅಣ್ಣ ಕುಡಿದು ಕೊಟ್ಟ ತೆರಿಗೆಯಲ್ಲಿ ತಂಗಿಯ ಐದು ತಿಂಗಳ ಕಂತು ಕೂಡ ಪೂರ್ತಿ ಬರೋದಿಲ್ಲ!

2025ರ ಜುಲೈ 14ರಂದು ಹೊಟೇಲ್ ಮಾಲೀಕರ ಸಂಘ ಆಹಾರ್ ಬಾರ್ ಬಂದ್ ಮಾಡಿತು. ಅದರ ಮರುವಾರ ನಮ್ಮ ಬ್ಯಾಂಕಿನ ಹಳೇ ಗಿರಾಕಿ ಒಬ್ಬರು, ಹೆಸರು ಬೇಡ, ಸಿಸಿ ಲಿಮಿಟ್ ಜಾಸ್ತಿ ಮಾಡಿಸಲು ಬಂದಿದ್ದರು. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಟೇಬಲ್ ಒರೆಸಿ ಮೇಲೆ ಬಂದವರು. ಊರಿನ ಭಾಷೆಯಲ್ಲೇ ಮಾತು. “ಎಂತ ಮಾಡುದ್ ಮಾರಾಯ್ರೆ, ಪೆಗ್ಗಿನ ರೇಟ್ ಏರ್ಸಿರೆ ಗಿರಾಕಿಗಳ್ ವೈನ್ ಶಾಪಿಗ್ ಹೋತ್ರ್. ಏರ್ಸದಿದ್ರೆ ನಾನ್ ಊರಿಗ್ ಹೋಯ್ಕ್.”

ನಗು ಬಂತು, ಆದ್ರೆ ಸ್ಟೇಟ್‌ಮೆಂಟ್ ನೋಡಿದಾಗ ನಗು ಉಳಿಯಲಿಲ್ಲ. ದಿನಾ ರಾತ್ರಿಯ ಗಲ್ಲಾ ಮರುದಿನ ಜಮಾ ಆಗುವ ಖಾತೆ ಅದು. ಜಮಾ ಇಳೀತಾ ಇದೆ, ಮಾಲು ಕೊಳ್ಳಲು ಬೇಕಾದ ಹಣ ಏರ್ತಾ ಇದೆ. ಹದಿನೆಂಟು ಜನ ಹುಡುಗರಿದ್ದರು, ಐದು ಜನರನ್ನು ಕಳಿಸಿದ್ದಾರೆ. ಅವರಲ್ಲಿ ಇಬ್ಬರು ನಮ್ಮ ಬೈಂದೂರಿನ ಹುಡುಗರು. ಬಾರ್‌ನವರ ಕಷ್ಟಕ್ಕೆ ಮರುಗುವವರು ಸಮಾಜದಲ್ಲಿ ಕಡಿಮೆ. ಮದ್ಯಕ್ಕೆ ತೆರಿಗೆ ಹಾಕಿದರೆ ಯಾವ ಪಕ್ಷವೂ ಬೀದಿಗಿಳಿಯೋದಿಲ್ಲ, ಅದಕ್ಕೇ ಸರ್ಕಾರಗಳಿಗೆ ಆ ನಲ್ಲಿ ಇಷ್ಟ.

ಹಳೆಯ ಕಾಲದಲ್ಲಿ ಹೀಗಿರಲಿಲ್ಲ ಅನ್ನೋದಕ್ಕೆ ಒಂದು ಉದಾಹರಣೆ ನನ್ನ ಸಂಬಳದ ಚೀಟಿಯಲ್ಲೇ ಇದೆ. ನಿಮ್ಮದರಲ್ಲೂ ಇರುತ್ತೆ. ಪಿ.ಟಿ. ಅಂತ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ 2,500. ಪ್ರೊಫೆಷನ್ ಟ್ಯಾಕ್ಸ್. 1972ರ ಬರಗಾಲದಲ್ಲಿ ಮಹಾರಾಷ್ಟ್ರ ಹಳ್ಳಿಯವರಿಗೆ ಕೆಲಸ ಕೊಡುವ ರೋಜಗಾರ್ ಹಮಿ ಯೋಜನೆ ಶುರು ಮಾಡಿತು. ಅದಕ್ಕೆ ದುಡ್ಡು ಬೇಕು ಅಂತ 1975ರಲ್ಲಿ ಈ ತೆರಿಗೆಯ ಕಾನೂನು ತಂದರು. ಪಟ್ಟಣದಲ್ಲಿ ಸಂಬಳ ತಗೊಳ್ಳುವವನು ಹಳ್ಳಿಯಲ್ಲಿ ಕಲ್ಲು ಒಡೆಯುವವನಿಗೆ ಇಷ್ಟು ಕೊಡಬೇಕು ಅಂತ ಮುಖಕ್ಕೆ ಹೇಳಿ ತಗೊಂಡರು. ಅದೇ ಯೋಜನೆ ಮುಂದೆ ಇಡೀ ದೇಶದ ಉದ್ಯೋಗ ಖಾತ್ರಿಗೆ ಮಾದರಿಯಾಯ್ತು. ಮೂವತ್ತು ವರ್ಷದಿಂದ ಕೊಡ್ತಾ ಇದ್ದೇನೆ, ಒಮ್ಮೆಯೂ ಬೇಸರವಾಗಿಲ್ಲ. ಲಾಡ್ಕಿ ಬಹೀಣ್‌ಗೆ ಅಂತ ಹೀಗೆ ಮುಖಕ್ಕೆ ಹೇಳಿ ಇನ್ನೊಂದು ನೂರು ಕೇಳಿದ್ದರೂ ಕೊಡ್ತಿದ್ದೆ. ಆದ್ರೆ ಈಗ ಕೇಳುವ ಧೈರ್ಯ ಯಾರಿಗೂ ಇಲ್ಲ. 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಮುಲುಂಡ್, ಐರೋಲಿ, ವಾಶಿ ಎಲ್ಲ ಕಡೆ ಕಾರುಗಳಿಗೆ ಟೋಲ್ ಮಾಫಿ ಮಾಡಿದರಲ್ಲ, ಚುನಾವಣೆಗೆ ತಿಂಗಳಿರುವಾಗ. ನಮ್ಮ ಸೊಸೈಟಿಯಲ್ಲಿ ಪೇಢೆ ಹಂಚಿದರು. ಟೋಲ್ ಗುತ್ತಿಗೆಯವನಿಗೆ ಆ ದುಡ್ಡು ತುಂಬಿ ಕೊಡೋದು ಮಂತ್ರಾಲಯವೇ, ಅಂದ್ರೆ ಮತ್ತೆ ನಾವೇ, ಅಂತ ನಾನು ಹೇಳಿದ್ದಕ್ಕೆ ನನಗೆ ಪೇಢೆ ಅರ್ಧವೇ ಸಿಕ್ಕಿತು.

ಇಷ್ಟೆಲ್ಲ ತೆರಿಗೆ, ಸಾಲ ಎರಡೂ ಸಾಲದಾದಾಗ ಸರ್ಕಾರ ಮಾಡುವ ಮೂರನೇ ಉಪಾಯವೊಂದಿದೆ. ಅದು ಬಜೆಟ್ ಭಾಷಣದಲ್ಲಿ ಬರೋದಿಲ್ಲ. ಬಿಲ್ ಕೊಡದೇ ಇರೋದು.

ನಮ್ಮ ಶಾಖೆಯಲ್ಲಿ ಒಬ್ಬ ಗುತ್ತಿಗೆದಾರನ ಖಾತೆ ಇದೆ. ವಿಜಯಪುರ ಜಿಲ್ಲೆಯವನು. ಅಪ್ಪ ನವಿ ಮುಂಬೈ ಕಟ್ಟುವಾಗ ಮಣ್ಣು ಹೊರಲು ಬಂದವರು, ಮಗ ಗಟಾರ, ಸಣ್ಣ ರಸ್ತೆ, ಕಾಂಪೌಂಡ್ ಕೆಲಸ ಹಿಡಿಯುವಷ್ಟು ಬೆಳೆದ. ಒಂದು ಸರ್ಕಾರಿ ಇಲಾಖೆಯ ಕೆಲಸ ಮುಗಿಸಿ ಬಿಲ್ ಹಾಕಿದ. ಅಳತೆ ಆಯ್ತು, ಪಾಸೂ ಆಯ್ತು, ದುಡ್ಡು ಬರಲಿಲ್ಲ. ಅನುದಾನ ಬಂದಿಲ್ಲ ಅಂತ ಉತ್ತರ. ಸಿಮೆಂಟಿನವನು, ಜಲ್ಲಿಯವನು, ಕೂಲಿಯವರು ಅನುದಾನ ಬರಲಿ ಅಂತ ಕಾಯ್ತಾರಾ? ನಮ್ಮ ಸಿಸಿ ಖಾತೆಯಿಂದ ತೆಗೆದು ಕೊಟ್ಟ. ಲಿಮಿಟ್ ಮುಗಿಯಿತು. ಜಮಾ ಇಲ್ಲದೆ ತೊಂಬತ್ತು ದಿನವಾದರೆ ಖಾತೆ ಎನ್‌ಪಿಎ. ಅದು ರಿಸರ್ವ್ ಬ್ಯಾಂಕಿನ ನಿಯಮ, ಕಂಪ್ಯೂಟರೇ ಮಾಡಿಬಿಡುತ್ತೆ, ಮ್ಯಾನೇಜರ್‌ಗೆ ಕರುಣೆ ತೋರಿಸಲು ಬಟನ್ ಇಲ್ಲ.

ನೋಟಿಸ್ ಹೋದ ದಿನ ಬಂದು ನನ್ನೆದುರು ಕೂತ. “ಸಾಹೇಬ್ರ, ನಾ ಕುಡಿಯಾಂವಲ್ಲ, ಇಸ್ಪೀಟ ಆಡಾಂವಲ್ಲ. ಕೆಲಸ ಮಾಡೇನಿ, ಬಿಲ್ ಪಾಸ್ ಆಗೇತಿ. ರೊಕ್ಕ ಕೊಡಬೇಕಾದಾಂವ ಸರ್ಕಾರ. ಮತ್ತ ಡಿಫಾಲ್ಟರ್ ನಾ ಹ್ಯಾಂಗ ಆದ್ನಿ?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇರೋದು ನಿಯಮ ಮಾತ್ರ. ನಿಮಗೊಂದು ತಮಾಷೆ ಹೇಳ್ತೇನೆ ಕೇಳಿ. ರಾಜ್ಯ ಸರ್ಕಾರ ಸಾಲ ಎತ್ತೋದು ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನಲ್ಲಿ. ಬಾಂಡ್ ಕೊಳ್ಳುವವರು ಬ್ಯಾಂಕುಗಳು, ಇನ್ಶೂರೆನ್ಸ್ ಕಂಪನಿಗಳು, ಪಿಎಫ್. ಅಂದ್ರೆ ಡೊಂಬಿವಲಿಯ ಪೆನ್ಶನ್ ಅಜ್ಜ ಇಟ್ಟ ಎಫ್‌ಡಿಯ ಒಂದು ಪಾಲು ಸುತ್ತಿ ಬಳಸಿ ಸರ್ಕಾರಕ್ಕೇ ಹೋಗಿರುತ್ತೆ. ಆ ಬಾಂಡಿನ ಬಡ್ಡಿ ಒಂದು ದಿನವೂ ತಪ್ಪೋದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ಸಾಲಕ್ಕೆ ರಿಸ್ಕ್ ಸೊನ್ನೆ. ಅದೇ ಸರ್ಕಾರ ಬಿಲ್ ಕೊಡದೆ ಕೂರಿಸಿದ ಮನುಷ್ಯನ ಸಾಲ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಎನ್‌ಪಿಎ! ಸರ್ಕಾರದ ಕೊರತೆ ಅಷ್ಟರ ಮಟ್ಟಿಗೆ ಕಡಿಮೆ ಕಾಣುತ್ತೆ, ಯಾಕಂದ್ರೆ ಅದು ಆಗಲೇ ಇವನ ಖಾತೆಗೆ ದಾಟಿಬಿಟ್ಟಿದೆ. 2025ರಲ್ಲಿ ಮಹಾರಾಷ್ಟ್ರದ ಗುತ್ತಿಗೆದಾರರ ಸಂಘಗಳು ಬಾಕಿಗಾಗಿ ಬೀದಿಗಿಳಿದಾಗ ಪೇಪರ್‌ನಲ್ಲಿ ಕೋಟಿಗಳ ಲೆಕ್ಕ ಬಂತು. ನನಗೆ ಮಾತ್ರ ಈ ಒಂದು ಖಾತೆಯ ನಂಬರ್ ಕಣ್ಮುಂದೆ ಬರ್ತಿತ್ತು.

ಅವನ ಹೆಂಡತಿ ಬಳೆ ಅಡವಿಟ್ಟರು, ನಮ್ಮಲ್ಲೇ. ನಾನೇ ತೂಗಿಸಿದೆ. ಆಮೇಲೆ ಮಾರ್ಚ್ 31ರ ಸಂಜೆ, ಎಲ್ಲ ಇಲಾಖೆಗಳೂ ಉಳಿದ ದುಡ್ಡು ಹರಿಬಿಡುವ ಹೊತ್ತಿಗೆ, ಬಿಲ್ಲಿನ ನಾಲ್ಕನೇ ಒಂದು ಭಾಗ ಜಮಾ ಆಯ್ತು. ಬಡ್ಡಿ ಬಾಕಿ, ಮಿತಿ ಮೀರಿದ್ದು ಎಲ್ಲ ತೀರಿ ಖಾತೆ ಮತ್ತೆ ಸ್ಟ್ಯಾಂಡರ್ಡ್ ಆಯ್ತು. ಸಿಬಿಲ್ ಸ್ಕೋರ್ ಮೇಲಿನ ಕಲೆ ಮಾತ್ರ ಹೋಗಲಿಲ್ಲ. ಉಳಿದ ಮುಕ್ಕಾಲು ಭಾಗ ಇನ್ನೂ ಅನುದಾನಕ್ಕೆ ಕಾಯ್ತಾ ಇದೆ.

ಕಳೆದ ವಾರ ಮತ್ತೆ ಬಂದಿದ್ದ. ಅದೇ ಇಲಾಖೆಯ ಇನ್ನೊಂದು ಟೆಂಡರ್ ಕರೆದಿದ್ದಾರಂತೆ, ಬ್ಯಾಂಕ್ ಗ್ಯಾರಂಟಿ ಬೇಕಂತೆ. ಮತ್ತೆ ಅವರಿಗೇ ಯಾಕಪ್ಪ ಅಂದೆ. “ಮುಂದಿನ ಕೆಲಸ ಹಿಡಿದ್ರ ಹಿಂದಿನ ಬಿಲ್ ಕೇಳಾಕ ಒಳಗ ಬಿಡ್ತಾರ್ರಿ” ಅಂದ. ಫೈಲು ನನ್ನ ಟೇಬಲ್ ಮೇಲಿದೆ, ಸೋಮವಾರ ನೋಡ್ತೇನೆ ಅಂತ ಹೇಳಿ ಕಳಿಸಿದ್ದೇನೆ.